ಮುನೇಶ್ವರನ ಮರದ ಕೆಂಪು ಬಟ್ಟೆ

ನನ್ನ ಬಾಯಿ ಜೋರು. ಮಂಚೇನಹಳ್ಳಿ ಸಂತೆಯಲ್ಲಿ ನಾನು ಈ ತುದೀಲಿ ನಿಂತು ಬದನೆಕಾಯಿ ಚೌಕಾಸಿ ಮಾಡಿದ್ರೆ ಆ ತುದೀಲಿರೋ ಬಳೆಗಾರನಿಗೆ ಕೇಳಿಸುತ್ತೆ ಅಂತ ಜನ ಆಡ್ಕೊಳ್ತಾರೆ. ಆಡ್ಕೊಳ್ಳಲಿ ಬಿಡಿ, ಅವರ ಗಂಟೇನು ಹೋಯ್ತು. ಆದರೆ ಇವತ್ತಿಗೂ ಬೆಂಕಿಕಡ್ಡಿ ಕೈಗೆ ತಗೊಂಡ್ರೆ ಈ ಗಂಗುಲಮ್ಮ ತಕ್ಷಣ ಗೀರಲ್ಲ. ಯಾಕೆ ಅಂತ ಕೇಳಿದೋರಿಗೆಲ್ಲ ಹೇಳಲ್ಲ. ನಿಮಗೆ ಹೇಳ್ತೀನಿ, ನಡುವೆ ಬಾಯಿ ಹಾಕಬೇಡಿ.

ಚೀನಾದವರ ಜೊತೆ ಯುದ್ಧ ಆಯ್ತಲ್ಲ, ಅದು ಮುಗಿದ ಮೇಲೆ ಬಂದ ಬೇಸಿಗೆ. ನಮ್ಮ ಯಜಮಾನರು ಗವಿಗುಡ್ಡದ ಕಾಡಿಗೆ ಗಾರ್ಡು. ಖಾಕಿ ಅಂಗಿ, ಕೈಯಲ್ಲೊಂದು ಬಿದಿರು ಕೋಲು. ನನ್ನ ತಾಯಿಗೆ ಒಡಹುಟ್ಟಿದ ತಮ್ಮ ಅವನು, ಅವನಿಗೇ ಕೊಟ್ರು ನನ್ನ. ಅದಕ್ಕೇ ಮದುವೆಗೆ ಮುಂಚೆಯೂ ಮಾವ, ಆಮೇಲೂ ಮಾವ. ಹೆಸರು ಮಾತ್ರ ನನ್ನ ಬಾಯಲ್ಲಿ ಬರಲ್ಲ. ನಮ್ಮ ಕಡೆ ಗಂಡನ ಹೆಸರು ಹೇಳಿದ್ರೆ ಅವನ ಆಯುಸ್ಸು ಕಮ್ಮಿ ಆಗುತ್ತೆ ಅಂತಾರೆ. ಇಷ್ಟು ಬಾಯಿ ಇರೋ ನಾನೂ ಆ ಒಂದು ಮಾತಿಗೆ ಹೆದರಿಕೊಂಡೇ ಬದುಕಿದ್ದೆ.

ಗವಿಗುಡ್ಡ ಅಂದ್ರೆ ದೊಡ್ಡ ದೊಡ್ಡ ಮರ ಇರೋ ಕಾಡು ಅಂದ್ಕೋಬೇಡಿ. ಬಂಡೆ, ಬಂದರೆ ಅನ್ನೋ ಕುರುಚಲು ಗಿಡ, ತಂಗಡಿ, ಜಾಲಿ, ಎದೆಮಟ್ಟ ಬಾದೆ ಹುಲ್ಲು. ಶಿವರಾತ್ರಿ ಹೊತ್ತಿಗೆ ಆ ಹುಲ್ಲು ಒಣಗಿ ಗರಗರ ಅನ್ನುತ್ತೆ. ಒಬ್ಬ ಬೀಡಿ ಎಸೆದ್ರೆ ಸಾಕು, ಗುಡ್ಡಕ್ಕೆ ಗುಡ್ಡವೇ ಬೂದಿ. ಅದಕ್ಕೇ ಕಾಡಿನ ಸುತ್ತ, ನಡುನಡುವೆ, ಒಂದು ಗಾಡಿ ಹೋಗೋಷ್ಟು ಅಗಲಕ್ಕೆ ಹುಲ್ಲು ಸವರಿ, ತರಗು ಗುಡಿಸಿ, ಗೆರೆ ಎಳೆದ ಹಾಗೆ ಬರೀ ನೆಲ ಬಿಡ್ತಾರೆ. ಅದೇ ಫೈರ್ ಲೈನು. ಅದರ ಅಂಚಿನ ಹುಲ್ಲನ್ನ ನಾವೇ ಸ್ವಲ್ಪ ಸ್ವಲ್ಪ ಸುಟ್ಟುಬಿಡ್ತೀವಿ, ನಿಜವಾದ ಬೆಂಕಿ ಬಂದಾಗ ತಿನ್ನೋಕೆ ಏನೂ ಸಿಗಬಾರದು ಅಂತ. ಮಾರ್ಚಿವರೆಗೂ ನನಗೆ, ಚಿಕ್ಕವೆಂಕಟಮ್ಮನಿಗೆ, ಇನ್ನೂ ನಾಕು ಹೆಂಗಸರಿಗೆ ಅಲ್ಲೇ ಕೂಲಿ. ನಮ್ಮ ಮೇಲೆ ನಲ್ಲಪ್ಪ ಅಂತ ಒಬ್ಬ ಮುದುಕ, ಬೆಂಕಿ ಕಾವಲಿನವನು. ಗಾಳಿ ಮೂಸಿ ನೋಡಿ ಬೆಂಕಿ ಹಚ್ಚೋ ಹೊತ್ತು ಹೇಳೋನು ಅವನು.

ಆ ಫೈರ್ ಲೈನೇ ಮೋಟಾರಿನವರ ಕಣ್ಣಿಗೆ ಬಿತ್ತು. ಬರಿ ನೆಲ, ಕಲ್ಲಿಲ್ಲ, ಮುಳ್ಳಿಲ್ಲ, ಗುಡ್ಡ ಹತ್ತಿ ಇಳಿಯೋ ದಾರಿ. ಇನ್ನೇನು ಬೇಕು ಅವರಿಗೆ!

ಚಿಕ್ಕಬಳ್ಳಾಪುರದಲ್ಲಿ ಆಲೂಗೆಡ್ಡೆ ಮಂಡಿ ಇಟ್ಟಿದ್ದವರ ಮಗ ಚನ್ನಕೇಶವ. ಮಿಲಿಟರಿಯವರು ಹರಾಜು ಹಾಕಿದ್ದ ಹಳೇ ಮೋಟಾರ್ ಸೈಕಲ್ಲು, ಕಣ್ಣಿಗೆ ಕಪ್ಪೆ ಕಣ್ಣಿನ ಹಾಗೆ ಉಬ್ಬಿದ ಕನ್ನಡಕ, ಕಾಲಿಗೆ ಮೊಣಕಾಲುದ್ದ ಬೂಟು. ಜೊತೆಗೆ ಬೆಂಗಳೂರಿನ ಇಬ್ಬರು ಗೆಳೆಯರು, ಅವರದ್ದೂ ಒಂದೊಂದು ಗಾಡಿ. ಮೊದಲನೇ ಭಾನುವಾರ ಆ ಮೂರು ಗಾಡಿ ಗುಡ್ಡ ಹತ್ತಿದಾಗ ನವಿಲೆಲ್ಲ ಅರಚಿಕೊಂಡು ಓಡಿಹೋದ್ವು. ನಾವು ಬೆನ್ನು ಬಗ್ಗಿಸಿ ಗುಡಿಸಿ ಅಂಚಿಗೆ ಒಟ್ಟಿದ್ದ ತರಗನ್ನೆಲ್ಲ ಚಕ್ರದಲ್ಲಿ ಎರಚಿ ಹೋದ್ರು. ನನಗೆ ಮೈಯೆಲ್ಲ ಉರಿದುಹೋಯ್ತು.

ರೇಂಜರ್ ಸಾಹೇಬ್ರು ಜೀಪಲ್ಲಿ ಬಂದಾಗ ಆ ಮೋಟಾರಿನವರೂ ಅಲ್ಲೇ ಇದ್ರು, ನನಗೆ ಸುಮ್ಮನಿರೋಕೆ ಆಗಲಿಲ್ಲ. "ಸ್ವಾಮಿ, ಚಿಕ್ಕವೆಂಕಟಮ್ಮನ ಎರಡು ಮೇಕೆ ಒಳಗೆ ಬಾಯಿ ಹಾಕಿದ್ರೆ ದೊಡ್ಡಿಗೆ ಹೊಡೆಸ್ತೀರಿ. ಈ ಹೊಗೆ ಉಗುಳೋ ಮೇಕೆಗಳಿಗೆ ಮಾತ್ರ ಸಲಾಮಾ?" ಅಂದೆ.

ಮಾವ ಹಿಂದಿನಿಂದ "ಸುಮ್ನಿರೇ" ಅಂತ ಸೀರೆ ಸೆರಗು ಜಗ್ಗಿದ. ರೇಂಜರ್ ನಕ್ಕರು. ಚನ್ನಕೇಶವ ಮಾತ್ರ ನಗಲಿಲ್ಲ. ಕನ್ನಡಕ ಹಣೆ ಮೇಲೆ ಏರಿಸಿ, "ಅಮ್ಮಾ, ಕಾಡು ಸರ್ಕಾರದ್ದು. ಅಂದ್ರೆ ನಿಮ್ಮದೂ ಹೌದು, ನಮ್ಮದೂ ಹೌದು. ನಾನು ಮರ ಕಡಿಯಲ್ಲ, ಬೇಟೆ ಆಡಲ್ಲ. ವಾರವೆಲ್ಲ ಮಂಡಿ ಧೂಳು ಕುಡಿತೀನಿ, ಒಂದು ದಿನ ಬೆಟ್ಟದ ಗಾಳಿ ಕುಡಿದ್ರೆ ತಪ್ಪಾ?" ಅಂದ.  ಆ ನ್ಯಾಯದ ಮಾತಿಗೇ ನನಗೆ ಇನ್ನಷ್ಟು ಸಿಟ್ಟು ಬಂತು.

ರೇಂಜರ್ ಇಬ್ಬರ ಮಾತನ್ನೂ ಉಳಿಸೋ ಹಾಗೆ ಒಂದು ಕಟ್ಟುಪಾಡು ಮಾಡಿದ್ರು. ಮೋಟಾರು ಭಾನುವಾರ ಮಾತ್ರ, ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ. ಅದೂ ಫೈರ್ ಲೈನಿನ ಮೇಲೆ, ಗಡಿಕಲ್ಲಿನವರೆಗೆ ಅಷ್ಟೇ. ಗಡಿಕಲ್ಲಿನಾಚೆ ಬಂಡೆ ಸಂದಿಯಲ್ಲಿ ಒಂದು ದೊಣೆ ಇದೆ. ಬೇಸಿಗೇಲೂ ನೀರು ಬತ್ತದ ದೊಣೆ ಅದೊಂದೇ, ಚಿರತೆಗೂ ಅದೇ, ಮೊಲಕ್ಕೂ ಅದೇ. ಆ ಕಡೆ ಒಂದು ಚಕ್ರವೂ ಸುಳಿಯಬಾರದು. ಮೋಟಾರು ಒಳಗಿದ್ದಾಗ ನಾವು ಬೆಂಕಿ ಹಚ್ಚಬಾರದು. ಗೊತ್ತಾಗೋದು ಹ್ಯಾಗೆ? ಕಾಡಿನ ಬಾಯಲ್ಲಿ ಕೆಂಪು ಬಟ್ಟೆ ಕಟ್ಟೋದು. ಎಲ್ಲರೂ ಹೊರಗೆ ಬಂದ ಮೇಲೆ ಬಿಚ್ಚೋದು. ಕಟ್ಟೋದು ಬಿಚ್ಚೋದು ಎರಡೂ ಮಾವನ ಕೆಲಸ.

ಚೆನ್ನಾಗೇ ಇತ್ತು. ಆದರೆ ಕಾಡಿನ ಬಾಯಲ್ಲಿ ಇದ್ದದ್ದು ಒಂದೇ ಮರ, ಮುನೇಶ್ವರನ ಬೇವಿನ ಮರ. ಬುಡದಲ್ಲಿ ಮೂರು ಕಲ್ಲು, ಅರಿಸಿನ ಕುಂಕುಮ, ಕೊಂಬೆಯಲ್ಲಿ ಒಂದೆರಡು ಹರಕೆ ಬಟ್ಟೆ. ಮೊದಲನೇ ಸಲ ಮಾವ ಸಾಹೇಬ್ರು ಕೊಟ್ಟ ಬಟ್ಟೆ ಕಟ್ಟಿದ. ಮಧ್ಯಾಹ್ನ ಬಿಚ್ಚೋಕೆ ಹೋಗಿ ಕೈ ಹಿಂದಕ್ಕೆ ತಗೊಂಡ.

"ಏನ್ ಮಾವ, ನಿಂತುಬಿಟ್ಟೆ?"

"ಮುನೇಶ್ವರನಿಗೆ ಕಟ್ಟಿದ್ದನ್ನ ಬಿಚ್ಚೋದಾ ಕಣೇ?"

ಯಾರೂ ಬಿಚ್ಚಲ್ಲ ನಮ್ಮ ಕಡೆ. ಯಾವ ಉದ್ದೇಶಕ್ಕೇ ಕಟ್ಟಿರಲಿ, ಆ ಮರಕ್ಕೆ ಕಟ್ಟಿದ್ದು ಅವನದ್ದಾಯ್ತು. ತಾನಾಗೇ ಚಿಂದಿಯಾಗಿ ಬೀಳಬೇಕು. ಬಿಚ್ಚಿದ ಕೈಗೆ ಏನಾಗುತ್ತೋ ಅಂತ ಭಯ. ನಾನು, ದೊಡ್ಡ ಬುದ್ಧಿವಂತೆ, ಅಲ್ಲೇ ತೀರ್ಪು ಕೊಟ್ಟುಬಿಟ್ಟೆ. "ಇರಲಿ ಬಿಡು ಮಾವ. ನನ್ನ ಹಳೇ ಕೆಂಪು ಸೀರೆ ಇದೆ. ವಾರಕ್ಕೊಂದು ತುಂಡು ಹರಿದು ಕೊಡ್ತೀನಿ. ಹೊರಗೆ ಬಂದಿದ್ದೀಯೋ ಇಲ್ವೋ ನಿನ್ನನ್ನ ಕೂಗಿ ಕೇಳಿದ್ರಾಯ್ತು, ನನಗೆ ಬಾಯಿಲ್ವಾ?"

ಆರು ಭಾನುವಾರ ಕಳೆದ್ವು. ಕೊಂಬೆ ಮೇಲೆ ಆರು ತುಂಡು. ಅದನ್ನ ನೋಡಿ ಊರ ಹೆಂಗಸರೂ ತಮ್ಮ ತಮ್ಮ ಹರಕೆಗೆ ಕೆಂಪನ್ನೇ ಕಟ್ಟೋಕೆ ಶುರು ಮಾಡಿದ್ರು. ಮರವೆಲ್ಲ ಕೆಂಪಾಯ್ತು. ನಾವು ಅದನ್ನ ನೋಡಿ ನಕ್ಕೆವು ಕಣಪ್ಪ. 

ಏಳನೇ ಭಾನುವಾರ ಬೆಳಗ್ಗೆ ಮಾವ ಬಟ್ಟೆ ಕೇಳಿದ. ನಾನು ಮುದ್ದೆ ತೊಳಸ್ತಾ ಇದ್ದೆ, ಹೊಗೆ ಕಣ್ಣಿಗೆ ಹೊಡೀತಿತ್ತು. "ಸೀರೆ ಮುಗೀತು! ಇನ್ನು ಮೈಮೇಲಿರೋದನ್ನ ಬಿಚ್ಚಿ ಕೊಡ್ಲಾ? ನಿನ್ನ ಹತ್ರ ಏನಿದ್ಯೋ ಅದನ್ನ ಕಟ್ಕೋ ಹೋಗು!" ಅಂತ ಕೂಗಿದೆ. ಅವನು ಕೋಲು ತಗೊಂಡು ಹೋದ.

ಮಧ್ಯಾಹ್ನ ನಾವು ಕೆಳಗಡೆ ಲೈನಲ್ಲಿ ತರಗು ಗುಡಿಸ್ತಾ ಇದ್ದಾಗ ರಸ್ತೇಲಿ ಧೂಳೆದ್ದಿತು. ಮೂರು ಮೋಟಾರು ಒಂದರ ಹಿಂದೆ ಒಂದು ಹೊರಗೆ ಹೋದ್ವು. ಮೂರೂ ನನ್ನ ಕಣ್ಣಾರೆ ನೋಡಿದೆ. ಯಾವತ್ತೂ ಬರ್ತಿದ್ದದ್ದು ಮೂರೇ ಅಲ್ವಾ? ಆವತ್ತು ಬೆಂಗಳೂರಿಂದ ಇನ್ನೊಬ್ಬ ಹೊಸಬ ಬಂದು ಒಟ್ಟು ನಾಕು ಒಳಗೆ ಹೋಗಿದ್ವು ಅಂತ ನನಗ್ಯಾರು ಹೇಳಬೇಕು? ಆ ಧೂಳಲ್ಲಿ ಚನ್ನಕೇಶವ ಇದ್ದಾನೋ ಇಲ್ವೋ ಅಂತ ಯಾರಿಗೆ ಕಂಡೀತು? ಮಾವ ಅವರನ್ನ ಕಳಿಸಿ ಗುಡ್ಡದಾಚೆ ಗಡಿಕಲ್ಲು ನೋಡೋಕೆ ಹೋಗಿರ್ತಾನೆ, ಕತ್ತಲಿಗೆ ಬರ್ತಾನೆ ಅಂದ್ಕೊಂಡೆ. ಹಾಗೆ ಹೋಗೋದು ಅವನಿಗೆ ಮಾಮೂಲಿ, ಕೂಗಿ ಕೇಳೋ ಗೋಜಿಗೂ ಹೋಗಲಿಲ್ಲ.

ನಾಕು ಗಂಟೆ ದಾಟಿತು. ಗಾಳಿ ನಿಂತಿತು. ಹೋದ ವಾರ ಪೂರ್ವದ ಕಡೆ ಒಂದು ಪಟ್ಟಿ ಸುಟ್ಟಿದ್ವಿ, ಅದರ ಪಕ್ಕದ್ದು ಇವತ್ತು ಸುಡಬೇಕಿತ್ತು. ನಲ್ಲಪ್ಪ ಮಾತ್ರ ಮರದ ಕಡೆ ನೋಡಿ ತಲೆ ಕೆರ್ಕೊಂಡ. ಅವನಿಗೆ ಭಯ ಆದ್ರೆ ಬಾಯಲ್ಲಿ ತೆಲುಗೇ ಬರೋದು.

"ವದ್ದಮ್ಮಾ ಗಂಗುಲಮ್ಮ, ಬೇಡ. ಗಾರ್ಡಪ್ಪನ ಮಾತು ಬಂದಿಲ್ಲ. ಬಟ್ಟೆ ಐತೆ ನೋಡು ಮರದ ಮ್ಯಾಲೆ."

"ಮರದ ಮೇಲೆ ವರ್ಷದ ಬಟ್ಟೆ ಇದೆ! ನಿನ್ನ ಕಣ್ಣಿಗೆ ಯಾವುದು ಇವತ್ತಿಂದು, ಯಾವುದು ಹೋದ ವಾರದ್ದು? ಮೂರೂ ಹೋದದ್ದನ್ನ ನೋಡಿದೀನಿ. ನಾನು ಹೇಳ್ತೀನಿ, ಹಚ್ಚು."

ಅವನು ಹಚ್ಚಲಿಲ್ಲ. ನಾನೇ ಹುಲ್ಲಿನ ಪಂಜು ಅವನ ಕೈಯಿಂದ ಕಿತ್ಕೊಂಡು ಕಡ್ಡಿ ಗೀರಿದೆ. ಮರದ ಹತ್ರ ಹೋಗಿ ನೋಡೋಕೆ ನೂರು ಹೆಜ್ಜೆ. ಹೋಗಲಿಲ್ಲ.

ಹುಲ್ಲು ಚಟಪಟ ಅಂತ ಹೊತ್ತಿಕೊಂಡಿತು. ಮೊದಮೊದಲು ನಾವು ಹೇಳಿದ ಹಾಗೇ ಕೇಳ್ತು. ಆಮೇಲೆ ಎಲ್ಲಿಂದಲೋ ಒಂದು ಗಾಳಿ ತಿರುಗಿತು. ಮೋಟಾರಿನ ಚಕ್ರ ಲೈನಿನ ಮೇಲೆಲ್ಲ ತರಗು ಎರಚಿತ್ತಲ್ಲ, ಅದರ ಮೇಲೆ ಬೆಂಕಿ ಕಾಲಿಟ್ಟು ಈಚೆಯಿಂದ ಆಚೆಗೆ ದಾಟಿಬಿಡ್ತು. ಕಾಡಿನೊಳಕ್ಕೆ. ಹೆಂಗಸರು ಹೊಂಗೆ ಸೊಪ್ಪು ಹಿಡಿದು ಬಡಿಯೋಕೆ ಓಡಿದ್ರು. ಬಡಿದಷ್ಟೂ ಮುಂದೆ ಮುಂದೆ.

ಆಗ ಕೇಳಿಸ್ತು. ಹೊಗೆಯ ಒಳಗಿಂದ, ದೂರದಲ್ಲಿ, ಡುಗು ಡುಗು ಡುಗು ಡುಗು.

ಚಿಕ್ಕವೆಂಕಟಮ್ಮನ ಕೈಯಲ್ಲಿದ್ದ ಸೊಪ್ಪು ಕೆಳಗೆ ಬಿತ್ತು. "ಅಕ್ಕಾ, ಒಳಗೆ ಮೋಟಾರಿದೆ" ಅಂದಳು. ಮೋಟಾರಿದ್ರೆ ಅದನ್ನ ಬಿಟ್ಟು ಮಾವ ಎಲ್ಲಿಗೂ ಹೋಗೋನಲ್ಲ.  ನನ್ನ ಕೈಯಾರೆ ನನ್ನ ಗಂಡನಿಗೆ ಬೆಂಕಿ ಹಚ್ಚಿದೆನಲ್ಲೇ ಅಂತ ಒಂದೇ ಮಾತು ತಲೆಯಲ್ಲಿ. ಅಯ್ಯೋ, ಆ ಭಯ ನನ್ನ ಶತ್ರುವಿಗೂ ಬೇಡ.

ಆ ಸದ್ದು ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ. ದಾರಿ ಕಾಣದೆ ಸುತ್ತುತಾ ಇದ್ದಾರೆ ಅಂತ ಗೊತ್ತಾಯ್ತು. ನಾನು ಹೋದ ವಾರ ಸುಟ್ಟಿದ್ದ ಕರಿ ನೆಲಕ್ಕೆ ಓಡಿದೆ. ಅಲ್ಲಿ ಸುಡೋಕೆ ಏನೂ ಉಳಿದಿರಲಿಲ್ಲ, ಅದೊಂದೇ ಬದುಕೋ ಜಾಗ. ಅಲ್ಲಿ ನಿಂತು "ಮಾವಾ! ಇತ್ತ ಬಾ ಮಾವಾ!" ಅಂತ ಕೂಗಿದೆ. ಆ ಕಡೆ ಹೆಂಗಸರೂ ಕೂಗ್ತಾ ಇದ್ರು. ಒಬ್ಬಳು "ಅಣ್ಣಾ", ಒಬ್ಬಳು "ಗಾರ್ಡಪ್ಪಾ", ಇನ್ನಿಬ್ಬರು "ಮಾವಾ". ನಾಕು ದಿಕ್ಕಿಂದ ನಾಕು ಕೂಗು. ಮೇಲೆ ಆ ಹಾಳು ಮೋಟಾರು. ಅದರ ಮೇಲೆ ಕೂತವನಿಗೆ ನನ್ನ ಸಂತೆ ಬಾಯಿ ಕೇಳಿಸೀತೇ?

ಇದ್ದಕ್ಕಿದ್ದ ಹಾಗೆ ಮೋಟಾರು ನಿಂತುಹೋಯ್ತು.

ಬರೀ ಬೆಂಕಿಯ ಸದ್ದು. ಹೆಂಗಸರೆಲ್ಲ ಬಾಯಿ ಮುಚ್ಚಿದ್ರು. ನಲ್ಲಪ್ಪ ನೆಲದ ಮೇಲೆ ಕುಕ್ಕರಿಸಿಬಿಟ್ಟ. ಮುಗೀತು ಅಂದ್ಕೊಂಡೆ. 

ಆಮೇಲೆ ನನ್ನ ಬಾಯಿಂದ ಅದು ಬಂತು. ಹದಿನಾರು ವರ್ಷ ಸಂಸಾರ ಮಾಡಿ ಒಂದು ಸಲವೂ ಆಡದ ಮಾತು.

"ಕೋನಪ್ಪಾ! ಕೋನಪ್ಪಾ! ಕರಿ ನೆಲ ಇಲ್ಲಿದೆ, ನನ್ನ ಕಡೆ ಬಾರೋ ಕೋನಪ್ಪಾ!"

ಆಯುಸ್ಸು ಹೋದ್ರೆ ಹೋಗಲಿ, ಇನ್ನೆಷ್ಟು ಉಳಿದಿದೆ ಅಂತ ಕಾಪಾಡ್ಕೊಳ್ಳಲಿ? ಗಂಟಲು ಹರಿಯೋವರೆಗೂ ಕೂಗಿದೆ. ಹೊಗೆ ನುಂಗಿದೆ, ಕೆಮ್ಮಿದೆ, ಮತ್ತೆ ಕೂಗಿದೆ. ಎಷ್ಟು ಹೊತ್ತೋ ಗೊತ್ತಿಲ್ಲ. ಎದುರಿನ ಕುರುಚಲು ಗಿಡ ಅಲ್ಲಾಡಿತು. ಮೊದಲು ಬಿದಿರು ಕೋಲು ಕಾಣಿಸ್ತು. ಆಮೇಲೆ ಮಾವ, ಮಂಡಿ ಮೇಲೆ ತೆವಳಿಕೊಂಡು. ಆ ಕೋಲಿನ ಇನ್ನೊಂದು ತುದಿ ಹಿಡಿದು ಹಿಂದೆ ಚನ್ನಕೇಶವ. ಅವನ ಕಣ್ಣಿಗೆ ಕನ್ನಡಕ ಇತ್ತು, ಮೂಗಿಗೆ ಮಫ್ಲರ್ ಇತ್ತು. ಮಾವನ ಮುಖಕ್ಕೆ ಏನೂ ಇರಲಿಲ್ಲ. ಹುಬ್ಬು, ರೆಪ್ಪೆ ಎಲ್ಲ ಸುಟ್ಟು, ತುಟಿ ಬಿರಿದು ನನ್ನ ಕಾಲ ಹತ್ರ ಮಕಾಡೆ ಬಿದ್ದ. ಏನೋ ಹೇಳೋಕೆ ಹೋದ. ಗಾಳಿ ಬಿಟ್ಟು ಏನೂ ಬರಲಿಲ್ಲ.

ಎತ್ತಿನಗಾಡೀಲಿ ಮಂಚೇನಹಳ್ಳಿ, ಅಲ್ಲಿಂದ ಬಸ್ಸು ತಡೆದು ಗೌರಿಬಿದನೂರು ಆಸ್ಪತ್ರೆ. ದಾರಿಯುದ್ದಕ್ಕೂ ಚನ್ನಕೇಶವ ಮಗು ಹಾಗೆ ಅಳ್ತಾ ಹೇಳಿದ. ಗಡಿಕಲ್ಲು ದಾಟಿ ದೊಣೆ ನೋಡೋ ಆಸೆಗೆ ತಾನೊಬ್ಬನೇ ಹೋದನಂತೆ. ಗೆಳೆಯರು ಕಾದು ಕಾದು ಹೊರಟುಹೋದ್ರು. ಗಾಡಿ ಹಳ್ಳದ ಮರಳಲ್ಲಿ ಹೂತುಹೋಯ್ತು. ಚಕ್ರದ ಗುರುತು ಹಿಡಿದು ಬೈಯೋಕೆ ಬಂದ ಮಾವ ಬೈದೂ ಬೈದು, ಆಮೇಲೆ ತಾನೇ ತಳ್ಳಿದನಂತೆ. ಹೊಗೆ ಕಂಡಾಗ ಇಬ್ಬರೂ ಗಾಡಿ ಹತ್ತಿದ್ರು. "ನಾನು ನಿಲ್ಲಿಸ್ತಿರಲಿಲ್ಲ ಅಮ್ಮಾ, ನಿಲ್ಲಿಸಿದ್ರೆ ಸತ್ವಿ ಅಂತ ಭಯ. ಅಣ್ಣ ಹಿಂದಿನಿಂದ ಕೈ ಹಾಕಿ ಆಫ್ ಮಾಡಿಬಿಟ್ರು. ನನ್ನ ಹೆಂಡತಿ ಅಲ್ಲೆಲ್ಲೋ ಕೂಗ್ತಾ ಇರ್ತಾಳೆ, ಸುಮ್ನೆ ಕೇಳು ಅಂದ್ರು."

ಬೆಳಗ್ಗೆ ಊರಿಗೆ ಬಂದಾಗ ಗುಡ್ಡದ ಬೆಂಕಿ ಆರಿತ್ತು, ನೇರ ಮರದ ಹತ್ರ ಹೋದೆ. ನಾನು ಬೆಂಕಿ ಹಚ್ಚಿದ ಜಾಗದಿಂದ ನೂರು ಹೆಜ್ಜೆ ಅಷ್ಟೇ. ಕೈಗೆ ಎಟುಕೋ ಕೊಂಬೇಲಿ, ಎಲ್ಲದಕ್ಕೂ ಮುಂದೆ, ಅವನ ಟವಲ್ಲು ಕಟ್ಟಿತ್ತು. ಕೆಂಪು ಚೌಕದ್ದು, ತಿರುಪತಿಗೆ ಹೋದಾಗ ನಾನೇ ಆರಿಸಿ ಕೊಡಿಸಿದ್ದು. ಬೆಂಕೀಲಿ ಮುಖಕ್ಕೆ ಸುತ್ತಿಕೊಳ್ಳೋಕೆ ಅವನ ಹತ್ರ ಇದ್ದ ಒಂದೇ ಬಟ್ಟೆ. ಒಂದು ಸಲ ಹತ್ರ ಹೋಗಿದ್ರೆ ಕತ್ತಲಲ್ಲೂ ಗುರುತು ಹಿಡೀತಿದ್ದೆ. ಮುನೇಶ್ವರನ ಕಲ್ಲಿನ ಮುಂದೆ ಕೂತೆ. ಆಮೇಲೆ ಎದ್ದು ಅದನ್ನ ಬಿಚ್ಚಿದೆ. "ಶಿಕ್ಷೆ ಕೊಡೋದಿದ್ರೆ ನನಗೆ ಕೊಡಪ್ಪ, ಅವನಿಗೆ ಬೇಡ" ಅಂದೆ.

ಆಸ್ಪತ್ರೇಲಿ ರೇಂಜರ್ ಸಾಹೇಬ್ರು ಬೆಂಕಿ ಹೇಗೆ ಹತ್ತಿತು ಅಂತ ಕೇಳ್ತಾ ನಿಂತಿದ್ರು. ಕೈಗೆ ಬಟ್ಟೆ ಸುತ್ತಿಸಿಕೊಂಡ ಚನ್ನಕೇಶವ, "ನಮ್ಮ ಗಾಡಿ ಕಿಡಿಯೇ ಇರಬೇಕು ಸಾರ್, ತಪ್ಪು ನಮ್ಮದೇ. ಇನ್ನು ಕಾಡಿಗೆ ಮೋಟಾರು ತರಲ್ಲ" ಅಂದ. ನಲ್ಲಪ್ಪ ನನ್ನ ಕಡೆ ನೋಡಿ ಸುಮ್ನಿರು ಅಂತ ಸನ್ನೆ ಮಾಡಿದ. ನನಗೆ ಬೇಕಾಗಿದ್ದದ್ದೂ ಅದೇ ಅಲ್ವಾ, ಮೋಟಾರು ತೊಲಗೋದು? ಬಾಯಿ ಮುಚ್ಚಿಕೊಂಡು ನಿಂತಿದ್ರೆ ಸಾಕಿತ್ತು. ಹುಟ್ಟಿದಾಗಿನಿಂದ ಮುಚ್ಚದ ಬಾಯಿ ಅವತ್ತು ಮುಚ್ಚೀತಾ?

ಟವಲ್ಲನ್ನ ಹಾಸಿಗೆ ಮೇಲೆ ಇಟ್ಟೆ. "ಅವನ ಕಿಡಿಯಲ್ಲ ಸ್ವಾಮಿ. ನಮ್ಮ ಯಜಮಾನರು ಬಟ್ಟೆ ಕಟ್ಟಿದ್ರು. ನಾನು ನೋಡಲಿಲ್ಲ. ನಲ್ಲಪ್ಪ ಬೇಡ ಅಂದ್ರೂ ಕೇಳದೆ ನಾನೇ ಹಚ್ಚಿದೆ."

 ಮಾವ ಟವಲ್ಲು ನೋಡಿದ, ನನ್ನ ನೋಡಿದ. ಅವನ ಕಣ್ಣಲ್ಲಿ ನಾನು ಹಿಂದೆಂದೂ ಕಾಣದ ಒಂದು ಹೆದರಿಕೆ ಇತ್ತು, ನನ್ನನ್ನ ಕಂಡೇ ಆದ ಹೆದರಿಕೆ. ಬೈದಿದ್ರೆ ತಡ್ಕೊಳ್ತಿದ್ದೆ. ಅವನು ಮುಖ ಗೋಡೆ ಕಡೆ ತಿರುಗಿಸಿಕೊಂಡ.

ಆ ವರ್ಷ ನನಗೆ ಕೂಲಿ ಹೋಯ್ತು. ಹೋಗಲಿ. ಕಿಡಿ ಅವರದ್ದಲ್ಲ ಅಂತಾಯ್ತಲ್ಲ, ಮಳೆ ಬಿದ್ದ ಮೇಲೆ ಮೋಟಾರಿನವರು ಮತ್ತೆ ಬಂದ್ರು, ರೇಂಜರ್ ಕಾಡಿನ ಬಾಯಲ್ಲಿ ಮರದಿಂದ ದೂರ ಒಂದು ಕಲ್ಲುಕಂಬ ನೆಡಿಸಿದ್ರು. ಗಡಿಕಲ್ಲಿಗೆ ಮುಳ್ಳುತಂತಿ ಹಾಕಿಸಿದ್ರು. ಕಂಬಕ್ಕೆ ಬಟ್ಟೆ ಕಟ್ಟೋದು, ಬಿಚ್ಚೋದು ಈಗ ಚನ್ನಕೇಶವನೇ ಮಾಡ್ತಾನೆ. ಪ್ರತಿ ಸಲ ಬಿಚ್ಚಿದ ಬಟ್ಟೆ ತಂದು ನನಗೆ ತೋರಿಸಿ ಹೋಗ್ತಾನೆ. ನಾನು ಬೈಯಲ್ಲ.

ಮಾವನಿಗೆ ದನಿ ಹಿಂತಿರುಗಿ ಬರಲಿಲ್ಲ. ಹೊಗೆ ಗಂಟಲು ತಿಂದುಬಿಡ್ತು. ಮನೆಗೆ ಬಂದ ಮೊದಲನೇ ದಿನ ನಾನು ಒಲೆ ಮುಂದೆ ಕೂತು ಕಡ್ಡಿ ಗೀರಿದ ಸದ್ದಿಗೆ ಅವನು ಹಾಸಿಗೆ ಬಿಟ್ಟು, ಗೋಡೆ ಹಿಡ್ಕೊಂಡು, ಅಂಗಳಕ್ಕೆ ಓಡಿದ. ನಾನು ಕಡ್ಡಿ ಆರಿಸಿ ಅಲ್ಲೇ ಕೂತು ಅತ್ತೆ.

ಅವತ್ತಿನಿಂದ ದಿನಾ ಹೀಗೇ. ಒಲೆಗೆ ಒಣ ಪುಳ್ಳೆ ಜೋಡಿಸಿ, ಕಡ್ಡಿ ಕೈಯಲ್ಲಿ ಹಿಡಿದು, ಬೀದಿಗೆಲ್ಲ ಕೇಳೋ ಹಾಗೆ ಕೂಗ್ತೀನಿ, "ಕೋನಪ್ಪಾ, ಹಚ್ತೀನಿ ಕಣೋ, ಹೊರಗಿದ್ದೀಯಾ?" ಗಂಡನ ಹೆಸರು ಹಿಡಿದು ಕರೀತಾಳೆ ಅಂತ ಜನ ಆಡ್ಕೊಳ್ತಾರೆ. ಅಂಗಳದ ಕಲ್ಲಿನ ಮೇಲೆ ಅವನ ಬಿದಿರು ಕೋಲು ಎರಡು ಸಲ ಕುಟ್ಟೋವರೆಗೂ ನಾನು ಕಡ್ಡಿ ಗೀರಲ್ಲ.